ಸಹಿಗೊಂದು ಸೀರೆ

ಅಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತ ಕುಳಿತಿದ್ದಾಗ ಹೊಸಕೋಟೆಯಿಂದ ಅಣ್ಣ ಬಂದ. ತಿಂಡಿ ಮುಗಿಸಿ, “ಅಮ್ಮನ್ನ ನೋಡ್ಕೊಳ್ಳೋ ಹೆಂಗಸಿನ ಸಂಬಳದಲ್ಲಿ ಅರ್ಧ ನೀನು ಕೊಡ್ಬೇಕಮ್ಮ. ಈಗಿನ ಕಾಲದಲ್ಲಿ ಗಂಡು ಹೆಣ್ಣು ಅಂತ ಭೇದ ಎಲ್ಲಿದೆ?” ಎಂದ.

ನನ್ನ ಬೆರಳ ಸಂದಿಯಿಂದ ಕಾಳು ಜಾರಿತು. ಜಮೀನು ಭಾಗವಾದಾಗ ಇದೇ ಅಣ್ಣ ನನಗೆ ಮಡಿಲು ತುಂಬಿ, ಒಂದು ಸೀರೆ ಕೊಟ್ಟು, ಪಾಲು ಬೇಡವೆಂದು ಸಹಿ ಹಾಕಿಸಿಕೊಂಡಿದ್ದ.

“ಆ ಭೇದ ಆಗ ಇತ್ತೇನಣ್ಣಾ?” ಎಂದೆ.

“ಹಳೇದೆಲ್ಲ ಈಗ್ಯಾಕೆ?” ಎಂದು ಇನ್ನೊಂದು ಲೋಟ ಕಾಫಿ ಕೇಳಿದ. ಅಮ್ಮನ ಮುಖ ನೆನೆದು ಒಪ್ಪಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಸಂಜೆ ಪಕ್ಕದ ಮನೆಯ ರತ್ನಮ್ಮನವರ ಬಳಿ ಇದನ್ನು ಹೇಳಿಕೊಂಡೆ. ಒಣಗಿದ ಬಟ್ಟೆ ಮಡಿಚುತ್ತಲೇ ಅವರೆಂದರು: “ನಿಮಗೆ ಸೀರೆನಾದ್ರೂ ಬಂತಲ್ಲ, ಬಿಡಿ. ನಮ್ಮಣ್ಣ ಬ್ಲೌಸ್ ಪೀಸಲ್ಲೇ ಮುಗಿಸ್ಬಿಟ್ಟ.”