ಟವೆಲಿನ ಕೆಳಗೆ ಮಗಳ ಕೈ

ನಾನು ದನದ ದಲಾಲ. ಮನೆ ಉಮರ್ಗಾದಲ್ಲಿ, ವ್ಯಾಪಾರ ಉದಗೀರ್, ನಿಲಂಗಾ ಕಡೆಯ ಸಂತೆಗಳಲ್ಲಿ. ಎತ್ತಿನ ಬೆಲೆಯನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಗಿರಾಕಿಯ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತೇವೆ, ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದೆ. ಯಾರಾದರೂ ತಾವಾಗಿಯೇ ಹೆಚ್ಚು ಕೊಡಲು ಬಂದರೆ, ಅದರ ಹಿಂದೆ ಏನೋ ಇರುತ್ತದೆ.

ಆದ್ದರಿಂದ ಮಗಳಿಗೆ ಪಗಾರದ ಜೊತೆ ಹೆಚ್ಚಿನ ಹಣ ಬಂದಾಗ ನನಗೆ ಖುಷಿಯಾಗಲಿಲ್ಲ. ಅವಳು ಬೇರೆ ಊರಲ್ಲಿದ್ದು ಪೊಲೀಸರ ಸೈಬರ್ ವಿಭಾಗದಲ್ಲಿ ಗುತ್ತಿಗೆ ನೌಕರಿ ಮಾಡುತ್ತಾಳೆ. ಮೊಬೈಲಿನಲ್ಲಿ ಮಾದಕ ವಸ್ತು ಮಾರುವವರನ್ನು ಪತ್ತೆ ಹಚ್ಚುವ ಕೆಲಸ. ಆ ಕೆಲಸ ಮಾಡುವವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದಂತೆ. ಹಾಗೆಂದು ಅವಳೇ ಹೇಳಿದಳು. ನಾನು ನಂಬಲಿಲ್ಲ.

ಆ ಹಣದಲ್ಲಿ ಅವಳು ತನ್ನ ಅವ್ವನಿಗೆ ಫ್ರಿಜ್ ತಂದಳು. ನಾನು ಅದರ ಪೆಟ್ಟಿಗೆ ಬಿಚ್ಚಲು ಬಿಡಲಿಲ್ಲ. ಪಡಸಾಲೆಯಲ್ಲಿ ಹಾಗೇ ನಿಂತಿತ್ತು.

"ಮಜ್ಜಗಿ ದಿನಾ ಹುಳಿ ಬರ್ಲಾಕತ್ತದ," ಎಂದಳು ಹೆಂಡತಿ. "ಹೊಟ್ಟಿಲಿ ಹುಟ್ಟಿದ ಮಗಳ ಮ್ಯಾಲ ಸಂಶಯ ಮಾಡ್ತೀರೇನ್ರಿ?"

ಮಾಡದೆ ಏನು ಮಾಡಲಿ? ಭಾನುವಾರ ಮನೆಗೆ ಬಂದಾಗ ಫೋನ್ ಬಂದರೆ ಕೊಟ್ಟಿಗೆಯ ಹಿಂದೆ ಹೋಗಿ ಹಿಂದಿಯಲ್ಲಿ ಪಿಸುಗುಡುತ್ತಿದ್ದಳು. ನನ್ನ ನೆರಳು ಕಂಡರೆ ಮಾತು ನಿಲ್ಲುತ್ತಿತ್ತು. ಅವ್ವನ ವಾಟ್ಸಾಪಿನಲ್ಲಿದ್ದ ತನ್ನ ಫೋಟೊ ತೆಗೆಸಿದಳು. ಉಮರ್ಗಾದವರೆಗೆ ಬಸ್ಸಿದ್ದರೂ ಮೊದಲೇ ಸಿಗುವ ತುರೋರಿ ಎಂಬ ಹಳ್ಳಿಯಲ್ಲಿ ಇಳಿದು ಆಟೊ ಹಿಡಿದು ಬರುತ್ತಿದ್ದಳು. ಹಿಡಿಯಬೇಕಾದವರ ಕೈಯಿಂದಲೇ ಲಂಚ ತಿನ್ನುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಯೋಚನೆಯಿಂದ ಅನ್ನ ಸೇರುತ್ತಿರಲಿಲ್ಲ. ಇರುವವಳು ಒಬ್ಬಳೇ ಮಗಳು.

ಒಂದು ಭಾನುವಾರ ಅವಳನ್ನು ಎದುರಿಗೆ ಕೂರಿಸಿಕೊಂಡೆ. "ಎಟ್ ರೊಕ್ಕ ಕೊಟ್ಟಾರ, ಖರೇ ಹೇಳು," ಎಂದೆ. ಅವಳು ಬಾಗಿಲ ಕಡೆ ನೋಡಿದಳು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಹಿಡಿದೆ.

"ಬಾಯಿಲೆ ಆಗಲ್ಲಂದ್ರ ಇದರಾಗ ಹೇಳು. ಇದರ ಕೆಳಗಿನ ಮಾತು ನಾ ಯಾರಿಗೂ ಹೇಳ್ದಾವಲ್ಲ."

ಮೊತ್ತ ದೊಡ್ಡದಾದರೆ ಕಳ್ಳರ ಹಣ, ಸಣ್ಣದಾದರೆ ಸರ್ಕಾರದ್ದು. ನನ್ನ ಲೆಕ್ಕ ಅಷ್ಟೇ. ಬೆರಳ ಭಾಷೆಯನ್ನು ಅವಳು ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ಕಲಿತಿದ್ದಳು. ಕೈ ಒಳಗಿಟ್ಟು ನನ್ನ ಬೆರಳು ಒತ್ತಿದಳು. ಸಣ್ಣ ಮೊತ್ತ. ಮಗಳು ಸುಳ್ಳು ಹೇಳಿರಲಿಲ್ಲ ಎಂದು ನನ್ನ ಜೀವ ಹಗುರಾಯಿತು. ಆದರೆ ವ್ಯವಹಾರ ಮುಗಿದ ಮೇಲೂ ಅವಳು ಕೈ ಬಿಡಲಿಲ್ಲ.

"ಅಪ್ಪಾ, ಆ ಮಾಲು ಮಾರೋರಿಗಿ ನನ್ನ ಗುರ್ತ ಹತ್ತ್ಯಾದ. ನಮ್ಮೂರ ಹೆಸರು ಬರದು ಕಳಸ್ಯಾರ. ಅವ್ವಗ ಹೇಳಬ್ಯಾಡ."

ತುರೋರಿಯ ಆಟೊ, ತೆಗೆಸಿದ ಫೋಟೊ, ಕೊಟ್ಟಿಗೆಯ ಹಿಂದಿನ ಪಿಸುಮಾತು ಎಲ್ಲ ಯಾಕೆಂದು ಆಗ ತಿಳಿಯಿತು. ಹೆಚ್ಚು ಕೊಡುವವರ ಹಿಂದೆ ಏನೋ ಇರುತ್ತದೆಂಬ ನನ್ನ ಮಾತು ಸುಳ್ಳಾಗಿರಲಿಲ್ಲ. ಆ ಹಣ ಅವಳ ಜೀವದ ಅಪಾಯಕ್ಕೆ ಕಟ್ಟಿದ ಬೆಲೆ, ನಾನು ಆ ಕಡೆ ನೋಡಿರಲಿಲ್ಲ. ಸರ್ಕಾರದ ಮೇಲೆ ಸಿಟ್ಟು ಬಂತು. ಅಷ್ಟು ಕಡಿಮೆಗೆ ನಾನು ಮುದಿ ಎತ್ತನ್ನೂ ಬಿಟ್ಟುಕೊಟ್ಟವನಲ್ಲ. ನೌಕರಿ ಬಿಟ್ಟು ಬಾ ಎಂದೆ. ತಲೆಯಾಡಿಸಿ ಒಲ್ಲೆ ಎಂದಳು.

ಫ್ರಿಜ್ ಈಗ ಅಡುಗೆಮನೆಯಲ್ಲಿದೆ, ಮಜ್ಜಿಗೆ ತಣ್ಣಗಿದೆ. ನನ್ನ ಸಂಶಯ ಮಾತ್ರ ಹೋಗಿಲ್ಲ. ಗುರುತಿಲ್ಲದ ಬೈಕು ಮನೆಯ ಮುಂದೆ ನಿಂತರೆ ಎದ್ದು ಹೋಗಿ ನಂಬರ್ ನೋಡುತ್ತೇನೆ. ಸೋಮವಾರ ಬೆಳಿಗ್ಗೆ ಮಗಳ ಜೊತೆ ನಾನೂ ಬಸ್ಸು ಹತ್ತುತ್ತೇನೆ, ಹತ್ತಿದವರ ಮುಖವನ್ನೆಲ್ಲ ಓದುತ್ತೇನೆ. ಟವೆಲ್ ಇಬ್ಬರ ಮಡಿಲ ಮೇಲೆ ಹಾಸಿರುತ್ತೇನೆ. ಅದರ ಕೆಳಗೆ, ಯಾರಿಗೂ ಕಾಣದಂತೆ, ಅವಳು ನನ್ನ ಕೈ ಹಿಡಿದಿರುತ್ತಾಳೆ.