ಅಧ್ಯಕ್ಷರ ಬಚ್ಚಲ ನೀರು

ತಿಪಟೂರಿನ ಹೊರಗೆ ತೆಂಗಿನ ತೋಟಗಳನ್ನು ಕಡಿದು ಬಡಾವಣೆಗಳು ಎದ್ದಾಗ ಮನೆಗೊಂದು ಪಾಯಿಖಾನೆ ಗುಂಡಿಯೂ ಎದ್ದಿತು. ಮಳೆಗಾಲದಲ್ಲಂತೂ ನಿಜವಾಗಿಯೇ ಎದ್ದು ಬೀದಿಗೆ ಬರುತ್ತಿತ್ತು. ಅಕ್ಕಪಕ್ಕದ ಬಡಾವಣೆಗಳಿಗೆಲ್ಲ ಸೇರಿ ಒಂದೇ ಒಳಚರಂಡಿ ಆಗಲೆಂದು ಹಟ ಹಿಡಿದವರು ಮೇಲಿನ ಬಡಾವಣೆಯ ಸಂಘದ ಅಧ್ಯಕ್ಷ ತೋಂಟದಾರ್ಯರು, ಕೊಬ್ಬರಿ ಮಂಡಿಯ ಹಳೇ ಹುಲಿ. ಹುಲಿಯೆಂದು ಕರೆದುಕೊಂಡವರೂ ಅವರೇ, ಅದೂ ಹಲ್ಲು ಉದುರಿದ ಮೇಲೆ. ಅವರು ಭಾಷಣಕ್ಕೆ ನಿಂತಾಗ ಅಟ್ಟಕ್ಕೆ ಹಾಕಿದ ಕಾಯಿ, ಮುಗಿಸುವಷ್ಟರಲ್ಲಿ ಉಂಡೆ ಕೊಬ್ಬರಿಯಾಗಿರುತ್ತಿತ್ತು.

ಅಂತೂ ಪೈಪು ಬಿತ್ತು. ಕೆಳಗಿನ ಬಡಾವಣೆಯಲ್ಲಿ ಕೊಳಚೆ ಶುದ್ಧ ಮಾಡುವ ಘಟಕವೂ ಆಯಿತು. ಆದರೆ ಪೈಪು ಕಟ್ಟಿಕೊಂಡಿತು. ಬಿಡಿಸಿದರೆ ಮತ್ತೆ ಕಟ್ಟಿಕೊಂಡಿತು. ಕೆಳಗಿನ ಬಡಾವಣೆಯ ಶಿವಮೂರ್ತಿ ಜನ ಕಟ್ಟಿಕೊಂಡು ಅಧ್ಯಕ್ಷರ ಮನೆ ಮುಂದೆ ಬಂದ.

"ಇವತ್ತು ಸರಿಹೋಗ್ನಿಲ್ಲ ಅಂದ್ರೆ ನಿಮ್ ಸಾವಾಸ ಸಾಕು ಕಣಣ್ಣ. ನಿಮ್ ಗುಂಡಿ ನಿಮ್ಗೆ, ನಮ್ ಗುಂಡಿ ನಮ್ಗೆ."

ಘಟಕದ ಇಂಜಿನಿಯರ್ ಲಿಖಿತಾ ರಸ್ತೆಯ ಒಳಚರಂಡಿ ಮುಚ್ಚಳ ತೆಗೆಸಿ ಇಣುಕಿದಳು. "ಪೈಪಿಂದೇನೂ ತಪ್ಪಿಲ್ಲ ಸರ್. ತಳ್ಕೊಂಡು ಹೋಗೋಕೆ ನೀರೇ ಇಲ್ಲ. ಈ ಬಡಾವಣೇಲಿ ಯಾರೂ ಸ್ನಾನ ಮಾಡಲ್ವಾ?"

ಸೇರಿದ್ದವರೆಲ್ಲ ಆಕಾಶ ನೋಡಿದರು. ಬಚ್ಚಲ ನೀರನ್ನು ತೆಂಗಿನ ಬುಡ ಬಿಟ್ಟು ಬೇರೆಡೆಗೆ ಹರಿಸುವುದೆಂದರೆ ಈ ಸೀಮೆಯಲ್ಲಿ ಮನೆಮಗನ ತಟ್ಟೆ ಕಿತ್ತುಕೊಂಡ ಹಾಗೆ. ಸೈಟು ಅಂಗೈಯಗಲವಿದ್ದರೂ ಹಿತ್ತಲಲ್ಲೊಂದು ಮರ ಇದ್ದೇ ಇತ್ತು.

ತೋಂಟದಾರ್ಯರು ಗುಡುಗಿದರು. "ಯಾವನ್ಲಾ ಅವ್ನು, ನೀರು ಕದ್ದು ಮರಕ್ಕೆ ಬುಡ್ತಿರೋನು? ಮೊದ್ಲು ಅವನ್ನ ಹಿಡೀರಿ!"

"ಊರೆಲ್ಲ ಯಾಕ್ರೀ ಹುಡುಕ್ತೀರಾ," ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸಿದ್ದಗಂಗಮ್ಮ ಅಂದರು, "ನಮ್ ಹಿತ್ಲಿಗೆ ಬನ್ನಿ."

ಹಿತ್ತಲಲ್ಲಿ ಅಧ್ಯಕ್ಷರ ಮರ ಬೀಗರೂಟಕ್ಕೆ ಬಂದ ಅಳಿಯನಂತೆ ಕೊಬ್ಬಿ ನಿಂತಿತ್ತು. ಬುಡದ ಪಾತಿಯಲ್ಲಿ ಬೆಳಗಿನ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ಇದ್ರ ಎಳನೀರು ಕುಲುಕುದ್ರೆ ಬಟ್ಟೆ ಒಗೀಬೋದೇನಣ್ಣ?" ಅಂದ ಶಿವಮೂರ್ತಿ.

ಎಲ್ಲರಿಗಿಂತ ಮೊದಲು ನಕ್ಕವರು ತೋಂಟದಾರ್ಯರೇ. "ಕಳ್ಳ ಸಿಕ್ಕ ಕಣಪ್ಪ. ಅಧ್ಯಕ್ಷ ಮಾಡಿದ್ದು ನೀವೇ, ಅನುಭವಿಸಿ."

ತಾವೇ ಕೂತು ಬಚ್ಚಲ ಪೈಪನ್ನು ಚರಂಡಿಯ ಕಡೆಗೆ ತಿರುಗಿಸಿದರು. ಮರದ ಮುಖ ನೋಡಲು ಧೈರ್ಯ ಸಾಲಲಿಲ್ಲ. ಆಮೇಲೆ ಪಂಚೆ ಎತ್ತಿಕಟ್ಟಿ, ನಡುಮಧ್ಯಾಹ್ನ, ಎರಡನೇ ಸಲ ಸ್ನಾನಕ್ಕೆ ಹೋದರು. ಹಿತ್ತಲಲ್ಲಿ ನಿಂತಿದ್ದ ನೆರೆಯವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾರಿಕೊಂಡರು. ಸ್ವಲ್ಪ ಹೊತ್ತಿಗೆ ಬೀದಿಯ ಬಚ್ಚಲ ಪೈಪುಗಳೆಲ್ಲ ಚರಂಡಿಯ ಕಡೆಗೆ ತಿರುಗಿ, ಬಚ್ಚಲುಗಳಲ್ಲೆಲ್ಲ ತಂಬಿಗೆಯ ಸದ್ದು ಶುರುವಾಯಿತು. ಬಡಾವಣೆ ಹುಟ್ಟಿದ ಮೇಲೆ ಅಂಥ ಸಾಮೂಹಿಕ ಮಜ್ಜನ ಯಾವ ಹಬ್ಬಕ್ಕೂ ನಡೆದಿರಲಿಲ್ಲ.

ಕೆಳಗಿನ ರಸ್ತೆಯಲ್ಲಿ ಮುಚ್ಚಳದ ಬಳಿ ಬಗ್ಗಿ ಕಾದಿದ್ದ ಶಿವಮೂರ್ತಿ ಕೂಗಿದ: "ಬತ್ತು ಕಣಣ್ಣೋ! ನಿಲ್ಲುಸ್ಬೇಡಿ, ಸರಾಗ ಬತ್ತಾ ಐತೆ!"

ಕಣ್ಣಿಗೆ ಸೋಪು ಹೋಗಿದ್ದ ಅಧ್ಯಕ್ಷರು ತಡವರಿಸಿ ತಂಬಿಗೆ ಹುಡುಕಿಕೊಂಡರು. "ಕೇಳುಸ್ತೇನೇ? ಇನ್ನೊಂದು ಹಂಡೆ ಕಾಯ್ಸೇ. ಊರಿನ ಮಾನ ನನ್ ಮೈಮೇಲೇ ಐತೆ!"