ಬಾಣಲೆ ಮಾವ ಮತ್ತು ಲ್ಯಾಬಿಗೆ ಹೋದ ಸಿಗಡಿ

ನನ್ನ ಸೋದರಮಾವನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ಬಾಣಲೆ ಮಾವ. ರೆಸ್ಟೋರೆಂಟ್ ಒಂದರ ಅಡುಗೆಮನೆಯಲ್ಲಿ ಸಿಗಡಿ ಕರಿಯುವುದು ಅವನ ಕೆಲಸ. ಬರೀ ಸಿಗಡಿ. ಮೀನಿಗೆ ಬೇರೆಯವರಿದ್ದಾರೆ, ಆಲೂಗಡ್ಡೆಗೆ ಬೇರೆಯವರಿದ್ದಾರೆ. ಸಿಗಡಿಯ ಬಾಣಲೆಯ ಮುಂದೆ ಮಾತ್ರ ಇವನೇ, ನನ್ನ ಮದುವೆಗೂ ಮುಂಚಿನಿಂದ. ಅವನ ಮೈಯೆಲ್ಲ ಕರಿದ ವಾಸನೆ. ಎತ್ತಿಕೊಂಡ ಕೂಡಲೇ ನನ್ನ ಮಗಳು ಅವನ ತೋಳು ನೆಕ್ಕುತ್ತಾಳೆ. ಹಲ್ಲು ಬರುವ ಮಗು, ಕಂಡದ್ದನ್ನೆಲ್ಲ ನೆಕ್ಕುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡರೂ, ನನ್ನ ತೋಳನ್ನು ಅವಳು ಆ ಪಾಟಿ ಆಸೆಯಿಂದ ನೆಕ್ಕಿದ್ದು ನಾನು ಕಾಣೆ.

ಮಾವನಿಗೊಂದು ಚಾಳಿ. ಮೊದಲ ಸಲ ಬಂದ ಗಿರಾಕಿಗೆ ಮಾಮೂಲಿ ಪ್ಲೇಟು ಕಳಿಸಲು ಅವನಿಗೆ ಕೈಯೇ ಬರುವುದಿಲ್ಲ. ಅಡುಗೆಮನೆಯ ಕಿಂಡಿಯಿಂದ ಇಣುಕುತ್ತಾನೆ. ಹೊಸ ಮುಖ ಕಂಡರೆ ಸಾಕು, ಸಿಗಡಿಯನ್ನು ಹಿಟ್ಟಿನಲ್ಲಿ ಇನ್ನೊಂದು ಸಲ ಹೊರಳಿಸಿ, ಮೇಲೊಂದು ಹಿಡಿ ಹೆಚ್ಚಿಗೆ ಹಾಕಿ, ಪಕ್ಕದ ಬಟ್ಟಲಿಗೆ ಬಿಳಿ ಸಾಸನ್ನು ತುಳುಕುವಷ್ಟು ಸುರಿದು ಕಳಿಸುತ್ತಾನೆ.

"ಮೊದಲ್ನೇ ತುತ್ತು ಕಣೇ. ಅದರಲ್ಲೇ ಜಿಪುಣತನ ತೋರ್ಸಿದ್ರೆ ಎರಡ್ನೇ ಸಲ ಯಾಕಾದ್ರೂ ಬರ್ತಾರೆ?" ಅನ್ನುತ್ತಾನೆ.

ಬಂದವರು ಮತ್ತೆ ಮತ್ತೆ ಬರುತ್ತಿದ್ದುದರಿಂದ ಓನರ್ ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದರು.

ಹೀಗಿರುವಾಗ ಓನರ್ ತಲೆಗೆ ಆರೋಗ್ಯದ ಹುಳ ಹೊಕ್ಕಿತು. ಡಾಕ್ಟರು ಅವರ ರಕ್ತ ಪರೀಕ್ಷೆ ಮಾಡಿಸಿ ಏನೋ ಗದರಿದ್ದರಂತೆ. ತಪ್ಪು ಒಬ್ಬರದು, ಶಿಕ್ಷೆ ಊರಿಗೆಲ್ಲ. ಇನ್ನು ಮೇಲೆ ಪ್ರತಿ ತಿನಿಸಿನ ಮುಂದೆ ಅದರ ಕ್ಯಾಲೊರಿ, ಕೊಬ್ಬು, ಉಪ್ಪು, ಪ್ರೋಟೀನ್ ಎಷ್ಟೆಂದು ಬೋರ್ಡಿನ ಮೇಲೆ ಬರೆಸಬೇಕು, ಅದಕ್ಕಾಗಿ ಎಲ್ಲದರ ಒಂದೊಂದು ಪ್ಲೇಟು ಲ್ಯಾಬಿಗೆ ಹೋಗಬೇಕು, ತಾವು ಹಾಕಿದ ಮಿತಿ ದಾಟಿದ ತಿನಿಸಿಗೆ ಬೋರ್ಡಿನಲ್ಲಿ ಜಾಗವಿಲ್ಲ ಎಂದು ಸಾರಿದರು.

"ಸಿಗಡಿ ದಾಟಿದ್ರೆ?" ಮಾವ ಕೇಳಿದ.

"ದಾಟಿದ್ರೆ ಬಾಣಲೆ ಇಳಿಸೋದು. ನೀನು ಸಲಾಡ್ ಕಡೆ ಬಾ. ಸೌತೆಕಾಯಿ ಹೆಚ್ಚು."

ಅವತ್ತು ಮಾವ ನೇರ ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. "ಸೌತೆಕಾಯಿ ಕಣೇ," ಎಂದ, ಯಾರೋ ತೀರಿಕೊಂಡ ಸುದ್ದಿ ತಂದವನ ಹಾಗೆ. "ಅದು ಚಟಪಟ ಅನ್ನುತ್ತಾ? ಬಣ್ಣ ತಿರುಗುತ್ತಾ? ಬೆಳಗ್ಗೆ ಹೆಂಗೆ ಬಿದ್ದಿತ್ತೋ ಸಂಜೇನೂ ಹಂಗೇ ಬಿದ್ದಿರುತ್ತೆ."

ಮಗುವಿನ ಆಹಾರದ ಡಬ್ಬಿಗಳ ಹಿಂದಿನ ಸಣ್ಣಕ್ಷರ ಓದಿ ಓದಿ ನಾನು ಈ ವಿಷಯದಲ್ಲಿ ಅರೆ ಪಂಡಿತೆಯಾಗಿದ್ದೆ. ಧೈರ್ಯ ತುಂಬಿದೆ. ಸಿಗಡಿ ತಾನಾಗಿ ಸಾಧು ಪ್ರಾಣಿ. ಮೈತುಂಬ ಪ್ರೋಟೀನ್, ಕೊಬ್ಬು ಚೂರೇ ಚೂರು. ಕೊಲೆಸ್ಟ್ರಾಲ್ ಒಂದಿಷ್ಟು ಜಾಸ್ತಿ, ಅದು ಹುಟ್ಟುಗುಣ. ಅದು ಕೆಡುವುದೆಲ್ಲ ಸಹವಾಸದಿಂದ: ಮೈಗೆ ಮೆತ್ತುವ ಹಿಟ್ಟು, ಆ ಹಿಟ್ಟು ಹೀರುವ ಎಣ್ಣೆ, ಉದುರಿಸುವ ಉಪ್ಪು, ಪಕ್ಕದಲ್ಲಿ ಬಂದು ಕೂರುವ ಸಾಸು.

ಅಷ್ಟರಲ್ಲಿ ಗಂಡನನ್ನು ಹುಡುಕಿಕೊಂಡು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ನಂಗೂ ನಮ್ಮಪ್ಪ ಇದನ್ನೇ ಹೇಳಿದ್ರು. ನೀನು ಒಳ್ಳೇಳು ಮಗಳೇ, ಸಹವಾಸ ನೋಡ್ಕೋ ಅಂತ. ಕೇಳ್ಲಿಲ್ಲ, ಇವರನ್ನ ಮದುವೆ ಆದೆ."

ಸಿಗಡಿ ಲ್ಯಾಬಿಗೆ ಹೋಯಿತು. ಕೆಲವು ದಿನಗಳಲ್ಲಿ ಫಲಿತಾಂಶವೂ ಬಂತು. ಕ್ಯಾಲೊರಿ ನಾಲ್ಕಂಕಿಗೆ ಏರಿ ಕುಳಿತಿತ್ತು. ಕೊಬ್ಬಿನ ಲೆಕ್ಕ ನಂಬಲಾಗದೆ ಓನರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರಂತೆ. ಇನ್ನು ಉಪ್ಪಂತೂ, ಆ ಸಿಗಡಿ ಸಮುದ್ರವನ್ನೇ ಕುಡಿದು ಬಂದಿರಬೇಕು ಅನ್ನುವಷ್ಟಿತ್ತು.

ಸುದ್ದಿ ಹೇಳಲು ಮಾವ, ಅತ್ತೆ ಮನೆಗೆ ಬಂದಾಗ ನನಗೆ ಅನುಮಾನ ಬಂತು. "ಮಾವ, ನಿಜ ಹೇಳು. ದಿನಾ ಕೊಡೋ ಪ್ಲೇಟನ್ನೇ ಕಳಿಸ್ದಾ?"

ಮಾವ ಮಗುವಿನ ಕಾಲುಚೀಲ ಸರಿಮಾಡತೊಡಗಿದ. ಕಾಲುಚೀಲ ಸರಿಯಾಗಿಯೇ ಇತ್ತು.

"ಮಾವಾ..."

"ಲ್ಯಾಬಿನೋರು ಯಾವತ್ತಾದ್ರೂ ನಮ್ಮಲ್ಲಿ ತಿಂದಿದಾರಾ? ಇಲ್ಲ. ಮೊದಲ್ನೇ ಸಲ. ಅದೂ ಬಿಳಿ ಕೋಟು ಹಾಕ್ಕೊಂಡು ದಿನವಿಡೀ ನಿಂತೇ ದುಡಿಯೋ ಜನ. ಅವರಿಗೆ ಮಾಮೂಲಿ ಪ್ಲೇಟು ಕಳಿಸ್ಲಾ? ಎರಡು ಸಲ ಹಿಟ್ಟಲ್ಲಿ ಹೊರಳಿಸ್ದೆ. ಇಲ್ಲ, ಮೂರು. ಎಷ್ಟು ಜನ ಇರ್ತಾರೋ ಏನೋ ಅಂತ ಇನ್ನೊಂದು ಬೊಗಸೆ ಹಾಕ್ದೆ. ಸಾಸು ಸಾಲ್ದೇ ಹೋದ್ರೆ ಜಗಳ ಆಗ್ಬಾರ್ದಲ್ಲ, ಅದಕ್ಕೇ..."

"ಬೀಗರ ಮನೆಗೆ ಕಳಿಸ್ದಂಗೆ ಕಳಿಸಿದೀರಲ್ರೀ!" ಅತ್ತೆ ಹಣೆ ಹಣೆ ಚಚ್ಚಿಕೊಂಡಳು.

"ಮಾವ, ಅವರು ತಿನ್ನಲ್ಲ," ಎಂದೆ.

"ತಿನ್ನದೆ ಮತ್ತೇನು ಮಾಡ್ತಾರೆ?"

"ಮಿಕ್ಸಿಗೆ ಹಾಕ್ತಾರೆ. ಎಲ್ಲ ಅರೆದು, ಅದರಲ್ಲಿ ಎಷ್ಟು ಕೊಬ್ಬು, ಎಷ್ಟು ಉಪ್ಪು ಅಂತ ನೋಡ್ತಾರೆ."

ಮಾವ ಕಾಲುಚೀಲ ಬಿಟ್ಟು ತಲೆ ಎತ್ತಿದ. "ಒಬ್ಬರೂ ತಿನ್ಲಿಲ್ವಾ?"

"ಒಬ್ಬರೂ ಇಲ್ಲ."

"ಅಷ್ಟು ಗರಿಗರಿ ಇದ್ದಿದ್ದನ್ನ? ಸಾಸಿನ ಸಮೇತ?"

"ಎಲ್ಲ ಒಟ್ಟಿಗೆ."

ಬಾಣಲೆ ಇಳಿಸುವ ಮಾತಿಗೆ ಬಾರದಿದ್ದ ಕಣ್ಣೀರು ಮಾವನಿಗೆ ಈಗ ಬಂತು. ನನ್ನ ಮಗಳು ಅದನ್ನೂ ನೆಕ್ಕಲು ನೋಡಿದಳು.

ಅತ್ತೆ ಬಯ್ಯುವುದನ್ನು ನಿಲ್ಲಿಸಿ ಅವನಿಗೆ ಚಹಾ ಮಾಡಿಕೊಟ್ಟಳು. ಮರುದಿನ ನಾನೇ ಹೋಗಿ ಓನರ್‌ಗೆ ನಡೆದದ್ದು ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಓನರ್ ಆಗಿ ಗಂಭೀರರಾದರು. "ಇನ್ನೊಂದೇ ಸಲ. ಗಿರಾಕಿಗೆ ಏನು ಕೊಡ್ತಾನೋ ಅದೇ ಹೋಗ್ಬೇಕು. ನೀನು ಪಕ್ಕದಲ್ಲಿ ನಿಂತು ನೋಡ್ಕೋಮ್ಮ."

ಹಾಗಾಗಿ ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ, ಎಣ್ಣೆ ಸಿಡಿಯದಷ್ಟು ದೂರದಲ್ಲಿ, ಪೊಲೀಸಿನವಳಂತೆ ನಿಂತೆ. ಮಾವ ಎಣ್ಣೆಯನ್ನು ಹದವಾಗಿ ಕಾಯಿಸಿದ. ಎಣ್ಣೆ ಚೆನ್ನಾಗಿ ಕಾದಿದ್ದರೆ ಸಿಗಡಿ ಬೇಗ ಗರಿಯಾಗಿ ಕಡಿಮೆ ಹೀರುತ್ತದೆ. ಅರೆಬರೆ ಕಾದಿದ್ದರೆ ನೆಂಟರ ಮನೆಗೆ ಬಂದವರ ಹಾಗೆ ಕೂತು ಕುಡಿಯುತ್ತದೆ ಎಂದು ಅವನೇ ವಿವರಿಸಿದ. ಹಿಟ್ಟಲ್ಲಿ ಒಂದು ಸಲ ಹೊರಳಿಸಿದ. ಕೈ ತಾನಾಗಿ ಎರಡನೇ ಸಲಕ್ಕೆ ಹೋಯಿತು.

"ಮಾವ!"

"ನಾನಲ್ಲ ಕಣೇ, ಕೈ."

ಕರಿದದ್ದನ್ನು ಜಾಲರಿಯ ಮೇಲೆ ಹರಡಿ ಎಣ್ಣೆ ಇಳಿಯಲು ಬಿಟ್ಟ. ದಿನದ ಅಳತೆಯಷ್ಟೇ ಡಬ್ಬಿಗೆ ಹಾಕಿದ. ಬಟ್ಟಲಿಗೆ ಸಾಸು ಅಳೆದು ಹಾಕಿದ. ಆಮೇಲೆ ಡಬ್ಬಿಯನ್ನು ನೋಡುತ್ತ ನಿಂತ. "ಬೋಳು ಬೋಳಾಗಿದೆಯಲ್ಲೇ. ಹೊಸ ಜಾಗಕ್ಕೆ ಹೋಗೋ ಮಕ್ಕಳನ್ನ ಹಿಂಗೆ ಕಳಿಸ್ತಾರಾ?"

ಲ್ಯಾಬಿನ ಕಡೆಯ ಮನುಷ್ಯ ಡಬ್ಬಿ ತೆಗೆದುಕೊಂಡಾಗ ಮಾವ ಅವನ ಹಿಂದೆಯೇ ಬಾಗಿಲ ತನಕ ಹೋದ. "ಸ್ವಾಮಿ, ಮಿಕ್ಸಿಗೆ ಹಾಕೋ ಮುಂಚೆ ಯಾರಾದ್ರೂ ಒಂದೇ ಒಂದು..." ನಾನು ಅಂಗಿ ಹಿಡಿದು ಎಳೆದೆ.

ಎರಡನೇ ಫಲಿತಾಂಶ ಬಂದ ದಿನ ನಾನು, ಅತ್ತೆ ಇಬ್ಬರೂ ಅಲ್ಲೇ ಇದ್ದೆವು. ಪ್ರೋಟೀನ್ ಚೆನ್ನಾಗಿತ್ತು. ಕೊಬ್ಬು ಅರ್ಧಕ್ಕಿಂತ ಕೆಳಗಿಳಿದಿತ್ತು, ಉಪ್ಪು ಮನುಷ್ಯರು ತಿನ್ನುವಷ್ಟಾಗಿತ್ತು. ಕ್ಯಾಲೊರಿ ಮಾತ್ರ ಓನರ್ ಹಾಕಿದ ಮಿತಿಯನ್ನು ಸ್ವಲ್ಪವೇ ದಾಟಿತ್ತು.

"ಮಿತಿ ಅಂದ್ರೆ ಮಿತಿ," ಎಂದರು ಓನರ್, ನೆಲ ನೋಡುತ್ತ. ಬೋರ್ಡು ಒರೆಸುವ ಬಟ್ಟೆ ಅವರ ಕೈಯಲ್ಲಿತ್ತು. ಮಾವ ತನ್ನ ಏಪ್ರನ್ನಿನ ಗಂಟು ಬಿಚ್ಚತೊಡಗಿದ.

ಆಗ ಅತ್ತೆ ಮುಂದೆ ಬಂದಳು. "ಯಜಮಾನ್ರೇ, ಒಂದು ಮಾತು. ಇವರ ಹೊಟ್ಟೆ ನೋಡಿ."

ಓನರ್ ನೋಡಿದರು. ಮಾವ ಹೊಟ್ಟೆ ಒಳಗೆಳೆದುಕೊಂಡ.

"ಹೋದ ವರ್ಷ ಇದರ ಎರಡರಷ್ಟಿತ್ತು. ನಾನು ಅಡುಗೆ ಬದಲಾಯಿಸ್ಲಿಲ್ಲ, ಅಡುಗೆಯವಳನ್ನೂ ಬದಲಾಯಿಸ್ಲಿಲ್ಲ. ತಟ್ಟೆ ಬದಲಾಯಿಸ್ದೆ. ಚಿಕ್ಕ ತಟ್ಟೆ ಇಟ್ಟೆ. ಇವತ್ತಿನವರೆಗೂ ಇವರಿಗೆ ಗೊತ್ತಾಗಿಲ್ಲ."

"ಏನಂದೆ?" ಎಂದ ಮಾವ.

"ನೀವು ಸುಮ್ನಿರಿ. ಪ್ಲೇಟು ಚಿಕ್ಕದು ಮಾಡಿ ಯಜಮಾನ್ರೇ, ಕ್ಯಾಲೊರಿ ತಾನಾಗೇ ಇಳಿಯುತ್ತೆ."

ಓನರ್ ಫೋನು ತೆಗೆದು ಲೆಕ್ಕ ಹಾಕಿದರು. ಇನ್ನೊಂದು ಸಲ ಹಾಕಿದರು. ಬೋರ್ಡಿನ ಮೇಲೆ 'ಕರಿದ ಸಿಗಡಿ' ಎಂಬುದರ ಹಿಂದೆ ತಾವೇ 'ಚಿಕ್ಕ ಪ್ಲೇಟು' ಎಂದು ಸೇರಿಸಿ, ಮುಂದೆ ಹೊಸ ಅಂಕಿ ಬರೆದು, ಮೇಜಿಗೆ ಬಂದು ಕೂತರು. "ಒಂದು ತಗೊಂಡು ಬಾ ನೋಡೋಣ."

ಮಾವ ಏಪ್ರನ್ ಬಿಗಿದುಕೊಂಡು ಒಳಗೆ ಓಡಿದ. ಬಾಣಲೆ ಚಟಪಟ ಅಂದಿತು. ಚಿಕ್ಕ ಪ್ಲೇಟು ಬಂತು. ಓನರ್ ಕಣ್ಣು ಮುಚ್ಚಿ ತಿಂದರು, ಬೆರಳು ಒರೆಸಿಕೊಂಡರು, ನಮ್ಮ ಮುಖ ನೋಡದೆ ಹೇಳಿದರು: "ಇನ್ನೊಂದು."

"ಸಾರ್, ಮಿತಿ?" ಮಾವ ಹೆದರುತ್ತ ಕೇಳಿದ.

"ಅದು ಪ್ಲೇಟಿಗೆ ಕಣಯ್ಯ, ನನಗಲ್ಲ. ಹೋಗು, ಎಣ್ಣೆ ಆರೋ ಮುಂಚೆ ಹಾಕು."